ಹವಳ ಮುಚ್ಚಿದ ಮನೆ

ನಮ್ಮ ಊರಿಗೂ ಸಮುದ್ರಕ್ಕೂ ಎಷ್ಟು ದೂರವೋ ಶಿವನೇ ಬಲ್ಲ. ಕಂಡು ಬಂದವರು ಯಾರೂ ಇಲ್ಲ. ಆದರೂ ಪ್ರತಿ ಮನೆಯ ನಡುಮನೆಯಲ್ಲಿ ಒಂದು ಗಾಜಿನ ತೊಟ್ಟಿ, ತೊಟ್ಟಿಯ ತುಂಬ ಉಪ್ಪುನೀರು, ನೀರೊಳಗೆ ಒಂದು ಹವಳ ಇದ್ದೇ ಇರುತ್ತದೆ. ಉಂಗುರಕ್ಕೆ ಕೂರಿಸುವ ಗಟ್ಟಿ ಹವಳವಲ್ಲ, ಮೈ ಮೆತ್ತಗಿರುವ, ಜೀವವಿರುವ ಹವಳ. ದಪ್ಪ ಕಾಂಡ, ಅದರ ಮೇಲೆ ಅಣಬೆಯಂಥ ಕೊಡೆ, ಕೊಡೆಯ ತುಂಬ ಎಳೆ ಮುಸುಕಿನ ಜೋಳದ ರೇಷ್ಮೆಯಂಥ ಕೈಗಳು. ಬೆಳಿಗ್ಗೆ ತೊಟ್ಟಿಯ ಟ್ಯೂಬ್‌ಲೈಟು ಹಾಕಿದರೆ ಕೈ ಚಾಚುತ್ತದೆ, ಮಲಗುವಾಗ ಆರಿಸಿದರೆ ಮಡಚಿಕೊಳ್ಳುತ್ತದೆ. ರಾತ್ರಿ ಮಡಚುವುದು ಅದರ ನಿದ್ದೆ, ಅದರಿಂದ ಯಾರಿಗೂ ಏನೂ ಆಗದು. ಹಗಲಲ್ಲಿ ಮುಚ್ಚಿಕೊಂಡು ಕೂತರೆ ಮಾತ್ರ, ಹೊಸಿಲಾಚೆ ಇರುವ ಮನೆಯವರಿಗೆ ತಮ್ಮ ಮನೆ ಗುರುತು ಸಿಗುವುದಿಲ್ಲ. ಮನೆಯೊಳಗಿನವರ ಮುಖವೂ ಸಿಗುವುದಿಲ್ಲ.

ಅದಕ್ಕೇ ಹವಳ ಮುಚ್ಚಿದ ಮನೆಯವರು ಹೊರಗೆ ಹೊರಟರೆ ಬಾಗಿಲ ಚಿಲಕಕ್ಕೆ ನೂಲು ಕಟ್ಟಿ, ಉಂಡೆಯನ್ನು ಬಿಚ್ಚಿಕೊಳ್ಳುತ್ತಾ ನಡೆಯುತ್ತಾರೆ. ನೂಲು ಕೈಯಲ್ಲಿರುವ ತನಕ ಮನೆ ಮರೆಯುವುದಿಲ್ಲ. ಬೀದಿಗೆ ಅಡ್ಡ ನೂಲು ಕಂಡರೆ ಸೈಕಲ್ಲಿನವರು ಇಳಿದು, ಚಕ್ರ ಎತ್ತಿ ದಾಟಿಸುತ್ತಾರೆ. ಮುಚ್ಚುವ ಮೊದಲೇ ಊರು ಬಿಟ್ಟು ಹೋದವರ ಪಾಡು ಬೇರೆ, ಮರೆತ ಮೇಲೆ ನೂಲು ಕೈಗೆ ಕೊಟ್ಟರೂ ಫಲವಿಲ್ಲ. ಅವರು ಮರಳಿ ಬಂದ ದಿನ ಸಂಜೆಯೊಳಗೆ ಹವಳ ಅರಳಿದರೆ ಸರಿ. ಇಲ್ಲವಾದರೆ ಆ ರಾತ್ರಿ ಎಲ್ಲಿ ತಲೆಯಿಟ್ಟರೋ ಅದೇ ಅವರ ಮನೆ, ಮುಂದಕ್ಕೂ ಅದೇ. ನಮ್ಮ ಬೀದಿಯ ಚನ್ನಿಗಪ್ಪ ಹಾಗೆ ಒಮ್ಮೆ ದನ ಮಾರಿ ಬಂದು ಎದುರು ಮನೆಯ ಜಗಲಿಯ ಮೇಲೆ ಮಲಗಿಬಿಟ್ಟ. ಈಗಲೂ ಅಲ್ಲೇ ಇದ್ದಾನೆ. ಬೆಳಿಗ್ಗೆ ಎದ್ದು, ರಂಗೋಲಿ ಹಾಕುವ ತನ್ನ ಹೆಂಡತಿಗೇ "ಚೆಂದಾಗಿದೀರಾ ತಾಯಿ?" ಎಂದು ಕೈಮುಗಿಯುತ್ತಾನೆ. ಆಕೆ ಹೂಂ ಎನ್ನುತ್ತಾಳೆ. ಹೇಳಿ ಏನು ಫಲ? ಹೇಳಿದರೆ ತಮಾಷೆ ಮಾಡುತ್ತಿದ್ದಾರೆಂದು ನಗುತ್ತಾನೆ.

ನಮ್ಮ ಅತ್ತೆ ದೊಡ್ಡತಾಯಮ್ಮ ಬೆಟ್ಟದಯ್ಯನ ಯಾತ್ರೆಗೆಂದು ಕೇರಿಯ ಹೆಂಗಸರ ಜೊತೆ ಕಾಲ್ನಡಿಗೆಯಲ್ಲಿ ಹೊರಟರು. ಮದುವೆಯಾಗಿ ಬಂದಾಗಿನಿಂದ ಅವರು ಮನೆ ಬಿಟ್ಟದ್ದನ್ನು ನಾನು ಕಂಡಿರಲಿಲ್ಲ. ತೊಟ್ಟಿಯ ಸೇವೆ ಪೂರಾ ಅವರದೇ. ನನಗೆ ಗಾಜು ಒರೆಸಲು ಬಿಡುತ್ತಿದ್ದರೇ ಹೊರತು ನೀರಿಗೆ ಬೆರಳು ಅದ್ದಲು ಬಿಡುತ್ತಿರಲಿಲ್ಲ. ಹೊರಡುವಾಗ "ನೋಡ್ಕೊಳ್ಳೇ ನಿಂಗಾಜಿ" ಎಂದರು, ಅಷ್ಟೇ. ಏನನ್ನು ನೋಡಬೇಕು, ಹೇಗೆ ನೋಡಬೇಕು ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ನಿಜ ಹೇಳುತ್ತೇನೆ, ಅವತ್ತು ಮಧ್ಯಾಹ್ನ ನಾನು ಕಾಲು ಚಾಚಿ ಕೂತು, ಸಾರಿಗೆ ಇನ್ನೊಂದಿಷ್ಟು ಹುಳಿ ಹಿಂಡಿಕೊಂಡು, ಯಾರ ಕಣ್ಣಿಗೂ ಅಂಜದೆ ಉಂಡೆ.

ಅದಾದ ಕೆಲವೇ ದಿನಕ್ಕೆ ಹವಳ ಮುಚ್ಚಿತು. ಬೆಳಿಗ್ಗೆ ಲೈಟು ಹಾಕಿ, ಅಡುಗೆಮನೆ ಸಾರಿಸಿ ಬಂದು ನೋಡುತ್ತೇನೆ, ಕೊಡೆಯ ಮೇಲೆ ಒಂದು ಕೈಯೂ ಇಲ್ಲ. ಬೋಳು ತಲೆಯ ಹಾಗೆ ನುಣ್ಣಗಿದೆ. ಮಾರನೆಯ ದಿನ ಆ ನುಣುಪಿನ ಮೇಲೆ ಗಂಜಿಯ ಕೆನೆಯಂಥ ಹೊಳಪು ಬಂತು. ಅಂಚು ಮುದುರಿತು, ಬಣ್ಣ ಬೂದಿಯಾಯಿತು. ನಮ್ಮವರು ಬಗ್ಗಿ ನೋಡಿದರು, ಮಾವ ಬಗ್ಗಿ ನೋಡಿದರು. ಮೂವರ ತಲೆಯಲ್ಲೂ ಬೆಟ್ಟದ ದಾರಿಯಲ್ಲಿ ಕೋಲೂರಿಕೊಂಡು ನಡೆಯುತ್ತಿರುವ ಒಬ್ಬ ಮುದುಕಿ.

ಸುದ್ದಿ ಪಕ್ಕದ ಮನೆಯ ಮಾಳಕ್ಕನಿಗೆ ಮುಟ್ಟಲು ಎಷ್ಟು ಹೊತ್ತು ಬೇಕು? ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬಂದಳು. "ಏನೇ ನಿಂಗಾಜಿ, ಅತ್ತೆ ಅತ್ಲಾಗೆ ಹೋಗ್ತಿದ್ದಂಗೆ ಹವಳಾನ ಮುಚ್ಚಿಸ್ಬಿಟ್ಯಲ್ಲೇ! ಏನ್ ಮಂತ್ರ ಹಾಕ್ದೆ? ನಮ್ಮ ತಂಗಿಗೂ ಒಸಿ ಹೇಳ್ಕೊಡು."

"ಬಾಯಿ ಬಿಟ್ಟು ಆಡ್ಬೇಡ ಮಾಳಕ್ಕ, ನನ್ನ ಹೊಟ್ಟೆ ಉರೀತಾ ಐತೆ."

"ಉರೀಲಿ ಬಿಡು, ನೀರು ಕುಡಿ. ಹಂಗೇನಾದ್ರೂ ನಿಮ್ಮತ್ತೆಗೆ ಮನೆ ಸಿಗ್ದೆ ಹೋದ್ರೆ ನಮ್ಮ ಜಗಲಿ ಐತಲ್ಲ. ಆಯಮ್ಮನ ಕೈ ಬಸ್ಸಾರು ತಿಂದ್ಕೊಂಡು ನಾವು ಸುಖವಾಗಿರ್ತೀವಿ."

ನಗುತ್ತಲೇ ಹೇಳಿದಳು. ಆದರೆ ನನಗೆ ನಗು ಬರಲಿಲ್ಲ. ಮನಸ್ಸಿನೊಳಗೆ ಒಂದು ಗೋಜಲು ಶುರುವಾಯಿತು. ಕಾಲು ಚಾಚಿ ಉಂಡೆನಲ್ಲ, ಆ ಸುಖವನ್ನು ಹವಳ ಕಂಡುಬಿಟ್ಟಿತೇ? ಅತ್ತೆ ಬರದಿದ್ದರೂ ಆದೀತು ಎಂದು ನನ್ನೊಳಗೆ ಎಲ್ಲೋ ಒಂದು ಕ್ಷಣ ಅನ್ನಿಸಿತ್ತೇ? ಅನ್ನಿಸಿತ್ತೋ ಇಲ್ಲವೋ ನನಗೇ ತಿಳಿಯದು. ಕೆದಕಿದಷ್ಟೂ ಕಲಕುತ್ತಿತ್ತು.

ತೊಟ್ಟಿ ಸಾಮಾನಿನ ಅಂಗಡಿಯ ಶಿವರುದ್ರಣ್ಣನನ್ನು ನಮ್ಮವರು ನೂಲು ಹಿಡಿದು ಹೋಗಿ ಕರೆತಂದರು. ಆತ ಕನ್ನಡಕ ಹಣೆಗೇರಿಸಿ ನೋಡಿ, "ಬೆಳಕು ಜಾಸ್ತಿಯಾಗೈತೆ" ಎಂದ. ಸ್ವಲ್ಪ ತಡೆದು, "ಕಮ್ಮಿಯಾದ್ರೂ ಹಿಂಗೇ ಆಯ್ತದೆ" ಎಂದ. ನೀರು ತಳ್ಳುವ ಮೋಟರಿನ ಮುಂದೆ ಬೆರಳಿಟ್ಟು, "ಇದರ ಹೊಡೆತಕ್ಕೆ ಹೆದರಿರ್ಬೈದು, ಸಣ್ಣಗೆ ಮಾಡಿ. ನೀರಿನ ಉಪ್ಪೂ ನೋಡಿ. ಸುಣ್ಣದಂಶ ಕಮ್ಮಿಯೂ ಇರ್ಬೈದು" ಎಂದು ಒಂದು ಸೀಸೆ ಕೊಟ್ಟ. ಬಾಗಿಲ ತನಕ ಹೋದವನು ತಿರುಗಿ, "ಅಥವಾ ಏನೂ ಆಗಿಲ್ದೇನೂ ಇರ್ಬೈದು" ಎಂದುಬಿಟ್ಟ. ಇದ್ದ ಅಲ್ಪಸ್ವಲ್ಪ ಬುದ್ಧಿಯೂ ಆತನ ಹಿಂದೆಯೇ ಹೊಸಿಲು ದಾಟಿತು.

ಮನುಷ್ಯನ ವಿದ್ಯೆ ಕೈಬಿಟ್ಟಾಗ ಉಳಿಯುವುದು ಹರಕೆ. ನಮ್ಮಲ್ಲಿ ಹವಳಕ್ಕೆ ಹೊರುವ ಹರಕೆಗೆ ಒಂದು ಕಟ್ಟುಪಾಡಿದೆ. ಅದು ಬಾಯಿಗೆ ಬರಬಾರದು. ಗಂಡ ಹೆಂಡತಿಗೆ ಹೇಳಬಾರದು, ತಂದೆ ಮಗನಿಗೆ ಹೇಳಬಾರದು. ಹೇಳಿದರೆ ಫಲ ಹೋಯಿತು. ನಾನು ಬೆಟ್ಟದಯ್ಯನನ್ನು ನೆನೆದು, ದಿನವೂ ಬಿಸಿಲು ನೆತ್ತಿಗೆ ಬಂದ ಹೊತ್ತಿನಲ್ಲಿ ತೊಟ್ಟಿಗೆ ನನ್ನ ಮದುವೆಯ ಸೀರೆ ಹೊದಿಸಿ, ಬೆಳಕು ತಣಿಸಿ, ಹವಳದ ಮೈಯನ್ನು ಕೋಳಿಗರಿಯಿಂದ ಸವರುತ್ತೇನೆ ಎಂದುಕೊಂಡೆ. ಮನೆಯಲ್ಲಿ ಎಲ್ಲರೂ ಮಲಗುವ ಹೊತ್ತು ಅದು, ಯಾರಿಗೂ ತಿಳಿಯದು. ಮೊದಲ ದಿನ ಹೊದಿಸಿ, ನೂಲು ಹಿಡಿದು ಹಿತ್ತಲಿಗೆ ಹೋಗಿ ಬಂದು ನೋಡಿದರೆ ಸೀರೆ ಮಡಚಿ ಪೆಟ್ಟಿಗೆಯ ಮೇಲೆ ಕೂತಿದೆ! ಬೆಟ್ಟದಯ್ಯನೇ ಬಂದು ತೆಗೆದನೆಂದು ಅಡ್ಡಬಿದ್ದೆ. ಮಾರನೆಯ ದಿನವೂ ಹಾಗೆಯೇ. ದೇವರಿಗೆ ಹೊದಿಕೆ ಬೇಡವೋ, ಬೇಕೋ, ಅಥವಾ ಬೇರೆ ಬಣ್ಣ ಬೇಕೋ, ಗೊತ್ತಾಗದೆ ಹಸಿರು ಸೀರೆ ಹೊದಿಸಿದೆ. ಅದೂ ಪೆಟ್ಟಿಗೆಯ ಮೇಲೆ ಬಂದು ಕೂತಿತು.

ನೀರಿನ ನಡತೆಯೂ ವಿಚಿತ್ರವಾಗತೊಡಗಿತು. ಬೇಸಗೆಯಲ್ಲಿ ತೊಟ್ಟಿಯ ನೀರು ಆರಿ ಮಟ್ಟ ಇಳಿಯುವುದು ಸಹಜ. ನಮ್ಮ ತೊಟ್ಟಿಯ ನೀರು ಏರುತ್ತಿತ್ತು. ಒಂದು ದಿನ ಅಂಚು ಮೀರಿ ನೆಲಕ್ಕೆ ಹರಿಯಿತು. ಮಾವ ಅದನ್ನು ಕಂಡು ಕಣ್ಣು ತುಂಬಿಕೊಂಡು "ಗಂಗಮ್ಮ ಉಕ್ಕಿದಳು" ಎಂದರು. ನಮ್ಮವರು ಉಪ್ಪು ಅಳೆಯುವ ಗಾಜಿನ ಕಡ್ಡಿಯನ್ನು ಬಿಟ್ಟರೆ ಅದು ಒಂದು ದಿನ ತಳಕ್ಕಿಳಿಯುವುದು, ಮತ್ತೊಂದು ದಿನ ಮೇಲಕ್ಕೆ ನೆಗೆಯುವುದು. ಅವರು ಕಡ್ಡಿಯೇ ಕೆಟ್ಟಿದೆಯೆಂದು ಹೊಸದು ತಂದರು. ಹೊಸದೂ ಹಾಗೆಯೇ ಕುಣಿಯಿತು. ಇತ್ತ ಹವಳದ ಕಾಂಡ ಒಂದು ಕಡೆಗೆ ವಾಲಿತು. ಮೈಯ ಹೊಳಪು ದಪ್ಪವಾಗಿ, ಯಾರೋ ಮೇಣ ಬಳಿದ ಹಾಗಾಯಿತು. ಬೆಟ್ಟದಿಂದ ಇಳಿದವರು ಇನ್ನೇನು ಬಯಲಿಗೆ ಬಂದಿರುತ್ತಾರೆಂದು ಹಾಲಿನವಳು ಹೇಳಿ ಹೋದಳು.

ಆ ಮಧ್ಯಾಹ್ನ ನನಗೆ ಯಾಕೋ ಕಾಲು ಕೀಳಲಿಲ್ಲ. ಸೀರೆ ಹೊದಿಸಿ, ಹಿತ್ತಲಿಗೆ ಹೋಗದೆ, ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತೆ. ದೇವರನ್ನು ಕಾಣಬೇಕೆಂಬ ಆಸೆ. ಕೋಣೆಯ ಬಾಗಿಲು ಕಿರ್ರೆಂದಿತು. ಬಂದದ್ದು ಮಾವ. ಪಂಚೆ ಎತ್ತಿ ಕಟ್ಟಿಕೊಂಡು, ಬೆರಳ ತುದಿಯ ಮೇಲೆ ನಡೆಯುತ್ತಾ ಬಂದು, ಸೀರೆಯನ್ನು ಭಕ್ತಿಯಿಂದ ಮಡಚಿ ಪೆಟ್ಟಿಗೆಯ ಮೇಲಿಟ್ಟು, ಕಣ್ಣಿಗೊತ್ತಿಕೊಂಡು, ಚೆಂಬು ಸಿಹಿನೀರನ್ನು ತೊಟ್ಟಿಗೆ ಸುರಿದರು. ಚೆಂಬು ಕೆಳಗಿಡುವಷ್ಟರಲ್ಲಿ ಹೊರಬಾಗಿಲಿಂದ ನಮ್ಮವರು ನೂಲು ಸುತ್ತಿಕೊಳ್ಳುತ್ತಾ, ಟವಲಿನ ತುದಿಯಲ್ಲಿ ಉಪ್ಪು ಗಂಟು ಕಟ್ಟಿಕೊಂಡು ಒಳಗೆ ಬಂದರು. ಅಪ್ಪ ಮಗ ಇಬ್ಬರೂ ತೊಟ್ಟಿಯ ಆಚೆ ಈಚೆ ನಿಂತು ಒಬ್ಬರನ್ನೊಬ್ಬರು ನೋಡಿದರು.

"ನೀನ್ಯಾಕ್ಲಾ ಬಂದೆ?" ಎಂದರು ಮಾವ.

"ನೀವ್ಯಾಕಪ್ಪಾ?"

"ಬಾಯಾರಿತ್ತು ಕಣ್ಲಾ."

"ಯಾರಿಗೆ, ತೊಟ್ಟೀಗಾ?"

ನಾನು ಬಾಯಿಗೆ ಸೆರಗು ಒತ್ತಿಕೊಂಡರೂ ನಗು ತಡೆಯಲಾಗಲಿಲ್ಲ. ಈಚೆ ಬಂದೆ. ಕೈಯಲ್ಲಿ ಕೋಳಿಗರಿ. ಮಾವ ಗರಿಯನ್ನು ನೋಡಿದರು, ಸೀರೆಯನ್ನು ನೋಡಿದರು. "ಇದು ನಿಂದೇನವ್ವಾ? ನಾನು ಗಂಗಮ್ಮನೇ ಸೀರೆ ಉಟ್ಕೊಂಡು ಬಂದವ್ಳೆ ಅಂತ ದಿನಾ ಮಡಚಿ ಇಟ್ಟು ಕೈಮುಗೀತಿದ್ನಲ್ಲ!" ನಮ್ಮವರು ಕಡ್ಡಿ ಮೇಲೆ ಕೆಳಗೆ ಕುಣಿದದ್ದು ಏಕೆಂದು ಆಗ ತಿಳಿದು ನೆಲದ ಮೇಲೆ ಕುಳಿತರು. ಮಾವ ಗಂಗಮ್ಮನಿಗೆ ಹರಕೆ ಹೊತ್ತು ಸಿಹಿನೀರು ಹಾಕಿದಾಗ ಉಪ್ಪು ಇಳಿದಿದೆ, ಇವರು ತಮ್ಮ ಹರಕೆಯ ಉಪ್ಪು ಹಾಕಿದ್ದಾರೆ. ಉಪ್ಪು ಏರಿದೆ ಎಂದು ಮಾವ ಮತ್ತೆ ನೀರು ಸುರಿದಿದ್ದಾರೆ. ನಡುವೆ ನಾನು ಕತ್ತಲು ಮಾಡಿ, ಗರಿಯಿಂದ ತಿಕ್ಕಿದ್ದೇನೆ. ಒಬ್ಬರ ಮದ್ದು ಇನ್ನೊಬ್ಬರಿಗೆ ದೇವರ ಸೂಚನೆಯಾಗಿ ಕಂಡಿದೆ. ನಗು ಮುಗಿದ ಮೇಲೆ ಮೂವರೂ ಬೆಪ್ಪಾಗಿ ಕುಳಿತೆವು.

"ಹರಕೆ ಮೂರೂ ಬಾಯಿಗೆ ಬಂದ್ವು. ಇನ್ನೇನು ಉಳೀತು?" ಎಂದರು ಮಾವ.

"ಹರಕೆ ಹೋಗ್ಲಿ ಬಿಡಿ ಮಾವ. ಹವಳ ಉಳಿದ್ರೆ ಸಾಕು. ಇನ್ಮೇಲೆ ಯಾರೂ ಕೈ ಹಾಕೋದು ಬೇಡ" ಎಂದೆ.

ಹೇಳಿದ್ದೇನೋ ಸರಿ. ಆದರೆ ಸೇವೆ ಮಾಡಿ ರೂಢಿಯಾದ ಕೈಗೆ ಸುಮ್ಮನಿರುವುದು ಎಷ್ಟು ಕಷ್ಟ ಎಂದು ಆಮೇಲೆ ತಿಳಿಯಿತು. ಮಾವ ತಮ್ಮ ಕೈಗಳ ಮೇಲೆ ತಾವೇ ಕುಳಿತರು. ನಮ್ಮವರು ಶಿವರುದ್ರಣ್ಣನ ಸೀಸೆಯ ಮುಚ್ಚಳ ತಿರುಗಿಸುವುದು, ಮುಚ್ಚುವುದು, ತಿರುಗಿಸುವುದು. ನಾನು ಜಪ ಹಿಡಿದರೆ ಕಣ್ಣು ತೊಟ್ಟಿಯ ಮೇಲೆ. ಕಡ್ಡಿಯ ಕುಣಿತ ನಿಂತಿತು, ನೀರು ತಿಳಿಯಾಯಿತು. ಹವಳ ಮಾತ್ರ ಹಾಗೇ ಮುಖ ಮುಚ್ಚಿಕೊಂಡಿತ್ತು. ಬಿಟ್ಟದ್ದು ಸರಿಯೋ ತಪ್ಪೋ ತಿಳಿಯುವ ಮೊದಲೇ ಬೀದಿಯ ಕೊನೆಯಲ್ಲಿ ಶಂಖದ ದನಿ ಕೇಳಿತು. ಬೆಟ್ಟದವರು ಬಂದರು.

ಚಿಲಕಕ್ಕೆ ನೂಲು ಕಟ್ಟಿ ಹೊರಗೋಡಿದೆ. ಹೆಂಗಸರು ಒಬ್ಬೊಬ್ಬರಾಗಿ ತಮ್ಮ ತಮ್ಮ ಬಾಗಿಲಿಗೆ ಕವಲೊಡೆದರು. ಅತ್ತೆ ಒಬ್ಬರೇ ಉಳಿದರು. ಬಿಸಿಲಿಗೆ ಕಪ್ಪಾಗಿದ್ದರು, ಹಣೆಯ ತುಂಬ ವಿಭೂತಿ. ನಮ್ಮ ಬಾಗಿಲ ಮುಂದೆಯೇ ಹಾದು ಹೋದರು. ಬೇವಿನ ಕಟ್ಟೆಯ ತನಕ ಹೋಗಿ, ಕೋಲೂರಿ ನಿಂತು, ಹಿಂತಿರುಗಿ ನೋಡಿದರು. ಅವರ ಕಣ್ಣು ನನ್ನ ಮೇಲೆ ಬಿತ್ತು, ಕೈಯ ನೂಲಿನ ಮೇಲೆ ಬಿತ್ತು.

"ನಿಮ್ಮನೇಲೂ ಹವಳ ಮುಚ್ಚೈತಾ ತಾಯಿ? ನಮ್ಮನೇದೂ ಮುಚ್ಚಿರ್ಬೇಕು ನೋಡಿ. ಬಾಗಿಲೇ ಸಿಗ್ತಿಲ್ಲ."

ನನಗೆ ಅತ್ತೆ ಬಹುವಚನ ಕೊಟ್ಟಿದ್ದು ಅದೇ ಮೊದಲು. "ಅತ್ತೆ, ಇದೇ ನಮ್ಮನೆ, ಬನ್ನಿ" ಎಂದೆ. ಅವರು ನಕ್ಕರು. "ದಾರಿ ತಪ್ಪಿದ ಮುದುಕೀನ ಎಲ್ಲಾರೂ ಹಿಂಗೇ ಕರೀತಾರೆ. ದೊಡ್ಡ ಮನಸ್ಸು ನಿಮ್ದು." ಅಷ್ಟರಲ್ಲಿ ಮಾಳಕ್ಕ ತನ್ನ ಜಗಲಿಯಿಂದ ಇಳಿದು ಬಂದಳು. "ದೊಡ್ಡತಾಯಮ್ಮ, ಬನ್ನಿ, ಕಾಲು ಚಾಚಿ. ಗುರುತಿನ ಮನೆ." ಪಕ್ಕದ ಮನೆಯವಳ ಮುಖ ಅತ್ತೆಗೆ ಗುರುತಿತ್ತು. ಕೋಲು ಅತ್ತ ತಿರುಗಿತು. ಮಾಳಕ್ಕ ಈಗ ನಗುತ್ತಿರಲಿಲ್ಲ. ನಿಜವಾಗಿಯೂ ಕರುಣೆಯಿಂದಲೇ ಕರೆದಳು. ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು. ಏನು ಹೇಳಲೂ ತೋಚದೆ, "ಅಮ್ಮಾ, ನಮ್ಮ ಹವಳಕ್ಕೆ ಏನಾಗೈತೆ ಅಂತ ಒಂದ್ಗಳಿಗೆ ನೋಡಿ ಹೋಗ್ತೀರಾ? ನಮಗ್ಯಾರಿಗೂ ತಿಳೀತಿಲ್ಲ" ಎಂದೆ.

ಅತ್ತೆಯ ಕಾಲು ನಿಂತಿತು. ರೋಗದ ಹವಳವನ್ನು ನೋಡದೆ ಹೋಗುವ ಜೀವವಲ್ಲ ಅದು.

ಒಳಗೆ ಬಂದು, ನಮ್ಮವರ ಕಡೆ ನೋಡಿ, "ನಿಮ್ಮ ಮನೆಯವ್ರಾ? ನನ್ನ ಮಗನೂ ಹಿಂಗೇ ಉದ್ದಕ್ಕವ್ನೆ. ಆದ್ರೆ ಇಷ್ಟು ನಯ ಇಲ್ಲ" ಎಂದರು. ಮೂಲೆಯಲ್ಲಿ ನಿಂತಿದ್ದ ಮಾವನಿಗೆ "ನಮಸ್ಕಾರ ಯಜಮಾನ್ರೇ" ಎಂದು ಕೈಮುಗಿದರು. ಮಾವ ಎರಡೂ ಕೈ ಜೋಡಿಸಿದರು. ಕೈ ಕೆಳಗಿಳಿಸುವುದು ಅವರಿಗೆ ಮರೆತುಹೋಯಿತು.

ಅತ್ತೆ ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಏನೇನು ಮಾಡಿದಿರಿ ಎಂದು ಕೇಳಿದರು. ಸಿಹಿನೀರು, ಉಪ್ಪು, ಸೀರೆ, ಗರಿ, ಎಲ್ಲ ಒಪ್ಪಿಸಿದೆವು. ಕೇಳುತ್ತಾ ಕೇಳುತ್ತಾ ನಗುವಿಗೆ ಅವರ ಹೊಟ್ಟೆ ಕುಲುಕತೊಡಗಿತು. "ಅಯ್ಯೋ ನಿಮ್ಮ! ಪೊರೆ ಬಿಡ್ತಾ ಐತೆ ಕಣ್ರೀ ಇದು. ಮೈಮೇಲೆ ಕೊಳೆ ಕೂತಾಗ ಹಳೇ ತೊಗಲು ಕಳಚ್ಕೊಳ್ತದೆ, ಅಷ್ಟು ದಿನ ಕೈ ಒಳಗೆ ಎಳ್ಕೊಳ್ತದೆ. ಹೆಂಗಸ್ರು ಸೀರೆ ಬದಲಾಯಿಸ್ವಾಗ ಬಾಗಿಲು ಹಾಕ್ಕೊಳ್ಳಲ್ವಾ? ಮನೆಮಂದಿಯೆಲ್ಲ ಸೇರಿ ಬಾಗಿಲು ಬಡೀತಾ ನಿಂತ್ರೆ ಅವ್ಳು ಈಚೆ ಬಂದಾಳಾ?" ಮೋಟರಿನ ಕಡೆ ಕಣ್ಣು ಹೋಯಿತು. "ಇದನ್ಯಾಕೆ ಇಷ್ಟು ಸಣ್ಣಗೆ ಮಾಡಿದೀರಿ? ನೀರು ಓಡಿದ್ರೆ ತಾನೇ ಪೊರೆ ಕೊಚ್ಕೊಂಡು ಹೋಗೋದು." ಗುಂಡಿ ತಿರುಗಿಸಿದರು. ಅಂಚಿನಲ್ಲಿ ಮೇಣದಂಥ ತೆಳುವೊಂದು ಅಲುಗಿ, ಮತ್ತೆ ಅಂಟಿ ಕುಳಿತಿತು.

"ನಿಮ್ಮನೇಲಿ ಇದೆಲ್ಲ ಸೊಸೆಗೆ ಹೇಳ್ಕೊಟ್ಟಿದೀರಾ ಅಮ್ಮಾ?" ಎಂದು ಕೇಳಿದೆ. ಯಾಕೆ ಕೇಳಿದೆನೋ.

ಅತ್ತೆ ಗಾಜಿನ ಮೇಲೆ ಬೆರಳಾಡಿಸಿದರು. "ಇಲ್ಲ ತಾಯಿ. ಹೇಳ್ಕೊಟ್ಟಿಲ್ಲ. ಅಡುಗೆ ಅವಳ ಕೈಗೆ ಹೋಯ್ತು, ಹಟ್ಟಿ ಹಿತ್ಲು ಅವಳ ಕೈಗೆ ಹೋಯ್ತು. ಇದೊಂದೂ ಹೋದ್ರೆ ನನ್ನನ್ನ ಯಾರು ಕೇಳ್ತಾರೆ ಅಂತ ಒಂದು ಸಣ್ಣಬುದ್ಧಿ. ಈಗ ಪಾಪ, ಎಲ್ಲಿ ಕೂತು ಕಣ್ಣೀರಾಕ್ತಾ ಅವ್ಳೋ. ಬಾಯಿ ಜೋರು ಮಾಡ್ತೀನಿ ನಾನು, ಅವ್ಳು ತಿರುಗಿ ಮಾತಾಡಲ್ಲ. ನಾನು ಮನೇಲಿಲ್ಲ ಅನ್ಕೊಂಡಾಗ ಹಾಡು ಹೇಳ್ಕೊಳ್ತಾಳೆ. ಏನು ಕಂಠ ಅಂತೀರಿ! ಅದನ್ನ ಕೇಳಕ್ಕೇ ನಾನು ಬಾವಿಕಟ್ಟೇಲಿ ತಡ ಮಾಡ್ಕೊಂಡು ಬತ್ತೀನಿ."

ನಾನು ಒಲೆಯ ಕಡೆ ತಿರುಗಿ ನಿಂತೆ. ನಾನು ಹಾಡುವುದು ಅವರಿಗೆ ಗೊತ್ತಿದೆಯೆಂದು ನನಗೆ ಗೊತ್ತಿರಲಿಲ್ಲ.

ಬಿಸಿಲು ಗೋಡೆ ಹತ್ತುತ್ತಿತ್ತು. ಅತ್ತೆ ಕೋಲು ಹಿಡಿದು ಎದ್ದರು. "ಬತ್ತೀನಿ. ಕತ್ತಲಾಗೋಕೆ ಮುಂಚೆ ನಮ್ಮನೆ ಹುಡುಕ್ಬೇಕು. ಸಿಗ್ದಿದ್ರೆ ಮಾಳಮ್ಮನ ಜಗಲಿ ಐತೆ." ನಾನು ಊಟಕ್ಕೆ ಕರೆದೆ, ಒಲ್ಲೆ ಎಂದರು. ನಮ್ಮವರು ನೀರು ತಂದರು, ಒಲ್ಲೆ ಎಂದರು. ಹೊಸಿಲ ಮೇಲೆ ಕಾಲಿಟ್ಟಾಗ, ಮಾವ ಮೂಲೆಯಿಂದ ಮುಂದೆ ಬಂದರು.

"ಒಂದ್ಗಳಿಗೆ ಕೂತ್ಕೊಳ್ಳಿ ತಾಯಿ. ನನ್ನ ಹೆಂಡ್ತೀನೂ ಯಾತ್ರೆಗೆ ಹೋಗವ್ಳೆ. ಬರೋ ಹೊತ್ತು. ಒಬ್ನೇ ಕಾಯಕ್ಕಾಗ್ತಿಲ್ಲ."

ಅತ್ತೆ ಅವರನ್ನೇ ನೋಡಿದರು. ಕೋಲನ್ನು ಗೋಡೆಗೊರಗಿಸಿದರು. "ಕಾಯೋದು ಕಷ್ಟವೇ ಯಜಮಾನ್ರೇ" ಎಂದು, ಚಾಪೆಯ ಈ ತುದಿಯಲ್ಲಿ ಕುಳಿತರು. ಮಾವ ಆ ತುದಿಯಲ್ಲಿ. ಯಾರೂ ತೊಟ್ಟಿಗೆ ಕೈ ಹಾಕಲಿಲ್ಲ. ಮೋಟರಿನ ಗುಂಯ್‌ ಸದ್ದು. ನಾನು ಬೆಟ್ಟದಯ್ಯನಿಗೆ ಏನು ಬೇಡಿಕೊಳ್ಳಬೇಕೆಂದು ತಿಳಿಯದೆ ಬರೀ ಅವನ ಹೆಸರು ಹೇಳುತ್ತಿದ್ದೆ.

ಅಂಚಿನ ಪೊರೆ ಒಮ್ಮೆ ನಡುಗಿತು. ಆಮೇಲೆ ಹಾಲಿನ ಕೆನೆ ಊದಿದರೆ ಸರಿಯುವ ಹಾಗೆ, ಇಡೀ ಕೊಡೆಯ ಮೇಲಿಂದ ಎದ್ದು, ತೇಲಿ, ಮೂಲೆಗೆ ಹೋಗಿ ನಿಂತಿತು. ಅಡಿಯಲ್ಲಿದ್ದ ಮೈ ಹೊಸ ಕೂಸಿನ ಅಂಗಾಲಿನ ಬಣ್ಣ. ನಡುವೆ ಒಂದು ಕೈ, ಸಾಸಿವೆಯಷ್ಟು, ಮೇಲೆದ್ದಿತು. ಪಕ್ಕದಲ್ಲಿ ಇನ್ನೊಂದು. ಆಮೇಲೆ ಎಣಿಸಲಾಗಲಿಲ್ಲ. ನಾವು ಕೈಬಿಟ್ಟದ್ದರಿಂದ ಆಯಿತೋ, ಅತ್ತೆ ನೀರು ಓಡಿಸಿದ್ದರಿಂದ ಆಯಿತೋ, ಅದರ ಹೊತ್ತು ಬಂದು ತಾನೇ ಆಯಿತೋ, ಬೆಟ್ಟದಯ್ಯನೇ ಬಲ್ಲ.

ಹವಳವನ್ನು ನೋಡುತ್ತಿದ್ದ ಅತ್ತೆ ನಿಧಾನಕ್ಕೆ ತಲೆ ತಿರುಗಿಸಿ ಗೋಡೆ ನೋಡಿದರು. ಪೆಟ್ಟಿಗೆಯ ಮೇಲಿನ ಸೀರೆ ನೋಡಿದರು. ಚಾಪೆಯ ಆ ತುದಿಯಲ್ಲಿದ್ದ ಮಾವನನ್ನು ನೋಡಿ, ಸರ್ರನೆ ಸೆರಗು ಹೊದ್ದುಕೊಂಡರು. ಕೊನೆಗೆ ಕಣ್ಣು ನನ್ನ ಮೇಲೆ ಬಂದು ನಿಂತಿತು. ಹುಬ್ಬು ಗಂಟಾಯಿತು.

"ಏನೇ ಇದು ಅವತಾರ? ದೀಪ ಹಚ್ಚೋ ಹೊತ್ತಲ್ಲಿ ಒಲೆ ಇಲ್ಲ, ತಲೆ ಬಾಚಿಲ್ಲ, ಮೂರೂ ಜನ ಪಿಳಿಪಿಳಿ ಅಂತ ಕೂತಿದೀರಲ್ಲ! ಮನೇಲಿ ಹೇಳೋರು ಕೇಳೋರು ಯಾರೂ ಇಲ್ವೇನೇ?"

"ಇದ್ದಾರೆ ಅತ್ತೆ, ಈಗ ತಾನೇ ಬಂದ್ರು" ಎಂದು ನಾನು ಒಲೆಯ ಕಡೆ ಓಡಿದೆ.